ಘಟ್ಟ ಇಳಿದು ಬಂದವರು: ಗಾಯ, ದ್ರೋಹ ಮತ್ತು ಕ್ರೈಸ್ತ ಚಾರಿತ್ರಿಕ ಪ್ರೇಮಕಥೆ

(ಕುವೈತಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕ್ರೈಸ್ತ ಚಾರಿತ್ರಿಕ ಪ್ರೇಮಕಾದಂಬರಿಯನ್ನು ನಮ್ಮ ವಿಮರ್ಶಕರು ಕೈಯಲ್ಲಿ ಹಿಡಿಯುವುದಿಲ್ಲ. ಹಿಡಿದರೂ ಬಸ್ಸಿನಲ್ಲಿ ಓದಿ ಮನೆಗೆ ಬಂದ ಮೇಲೆ ಹೇಳಿಕೊಳ್ಳುವುದಿಲ್ಲ. ಓದುವವರು ಮಾತ್ರ ಜಗತ್ತಿನ ತುಂಬ ಇದ್ದಾರೆ. ಹಳೆಯ ಕಾಲದ ಒಂದು ಊರು, ದೇಹದ ಮೇಲೋ ಮನಸ್ಸಿನ ಮೇಲೋ ಕಲೆ ಹೊತ್ತ ಒಬ್ಬಳು ಹೆಣ್ಣು ಅಥವಾ ಗಂಡು, ನಂಬಿದವರೇ ಮಾಡಿದ ದ್ರೋಹ, ಆಮೇಲೆ ದೇವರ ಕೃಪೆಯಿಂದಲೂ ಇನ್ನೊಬ್ಬರ ಪ್ರೀತಿಯಿಂದಲೂ ನಿಧಾನಕ್ಕೆ ಆಗುವ ಚೇತರಿಕೆ: ಕಥೆಯ ಹಂದರ ಇಷ್ಟೇ. ಈ ಹಂದರವನ್ನು ಅಗ್ಗದ್ದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಕರಾವಳಿಯ ಒಂದು ಸಮುದಾಯದ ಇನ್ನೂರು ವರ್ಷಗಳ ಚರಿತ್ರೆಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಹಂದರ ನನಗೆ ಕಂಡಿಲ್ಲ. ಆ ಚರಿತ್ರೆಯ ಒಂದು ಎಳೆ ನೀವು ದಿನವೂ ನೋಡುವ ಈ ಕೊಲ್ಲಿಯ ನೀರಿನ ಮೇಲೂ ಹಾದುಹೋಗಿದೆ.

ಮೊದಲು ಹೊರಗಿನ ಕಥೆಗಳನ್ನು ಬೇಗ ನೋಡಿಬಿಡೋಣ. 1880ರಲ್ಲಿ ಲ್ಯೂ ವಾಲೇಸ್ ಬರೆದ ‘ಬೆನ್ ಹರ್’ ಈ ಬಗೆಯ ಕಾದಂಬರಿಗಳಿಗೆ ಅಜ್ಜ. 1959ರ ಸಿನಿಮಾ ನೋಡಿದವರಿಗೆ ರಥದ ಓಟ ನೆನಪಿರುತ್ತದೆ. ಆದರೆ ಕಥೆಯ ಬುಡದಲ್ಲಿರುವುದು ಬಾಲ್ಯದ ಗೆಳೆಯ ಮೆಸ್ಸಾಲ ಮಾಡಿದ ದ್ರೋಹ. ಅದರ ಫಲವಾಗಿ ನಾಯಕ ಹಡಗಿನ ಹುಟ್ಟು ಹಾಕುವ ಗುಲಾಮನಾಗುತ್ತಾನೆ, ತಾಯಿ ತಂಗಿಯರಿಗೆ ಸೆರೆಮನೆಯಲ್ಲಿ ಕುಷ್ಠ ತಗಲುತ್ತದೆ. 1991ರಲ್ಲಿ ಫ್ರಾನ್ಸಿನ್ ರಿವರ್ಸ್ ಬರೆದ ‘ರಿಡೀಮಿಂಗ್ ಲವ್’ ಈ ಕಾಲದ ಮಾದರಿ. ಹಳೆಯ ಒಡಂಬಡಿಕೆಯ ಪ್ರವಾದಿ ಹೊಶೇಯ ಮತ್ತು ಅವನನ್ನು ಮತ್ತೆ ಮತ್ತೆ ಬಿಟ್ಟುಹೋಗುವ ಹೆಂಡತಿ ಗೋಮೆರಳ ಕಥೆಯನ್ನು ಆಕೆ 1850ರ ಸುಮಾರಿನ ಕ್ಯಾಲಿಫೋರ್ನಿಯದ ಚಿನ್ನದ ಊರುಗಳಿಗೆ ತಂದಳು. 2022ರಲ್ಲಿ ಅದೂ ಸಿನಿಮಾ ಆಯಿತು. ಈ ಸಾಲಿನ ಬಹಳಷ್ಟು ಪುಸ್ತಕಗಳ ಬಗ್ಗೆ ನನ್ನ ತಕರಾರು ಒಂದೇ. ಅಲ್ಲಿ ಗಾಯ ಬಹಳ ಬೇಗ ಮಾಯುತ್ತದೆ. ಗಂಡು ಒಳ್ಳೆಯವನಾಗಿದ್ದರೆ ಸಾಕು, ಹೆಣ್ಣಿನ ಹತ್ತು ವರ್ಷದ ನರಕ ಮೂರು ಅಧ್ಯಾಯಗಳಲ್ಲಿ ಮುಗಿದುಹೋಗುತ್ತದೆ.

ಇದಕ್ಕೆ ವಿರುದ್ಧವಾಗಿ ಜಪಾನಿನ ಕ್ಯಾಥೊಲಿಕ್ ಲೇಖಕ ಶುಸಾಕು ಎಂಡೊನ 1966ರ ‘ಮೌನ’ವನ್ನು ಇಡಬೇಕು. ಅದು ಪ್ರೇಮಕಥೆಯಲ್ಲ. ಆದರೆ ಕ್ರೈಸ್ತ ಚಾರಿತ್ರಿಕ ಕಾದಂಬರಿ ದ್ರೋಹವನ್ನು ಎಷ್ಟು ಆಳಕ್ಕೆ ಇಳಿದು ನೋಡಬಲ್ಲದು ಎಂಬುದಕ್ಕೆ ಅದೇ ಅಳತೆಗೋಲು. 17ನೆಯ ಶತಮಾನದ ಜಪಾನಿನಲ್ಲಿ ಕ್ರಿಸ್ತನ ಚಿತ್ರವಿರುವ ಫಲಕವನ್ನು ತುಳಿದರೆ ಜೀವ ಉಳಿಯುತ್ತದೆ, ತುಳಿಯದಿದ್ದರೆ ಹಿಂಸೆ. ಕಿಚಿಜಿರೊ ಎಂಬವನು ಪ್ರತಿಸಲವೂ ತುಳಿಯುತ್ತಾನೆ, ಪಾದ್ರಿಯನ್ನು ಹಿಡಿದುಕೊಡುತ್ತಾನೆ, ಮತ್ತೆ ಪಾಪನಿವೇದನೆಗೆ ಅದೇ ಪಾದ್ರಿಯ ಮುಂದೆ ಬಂದು ನಿಲ್ಲುತ್ತಾನೆ. ಅವನನ್ನು ಏನು ಮಾಡುವುದು? ಈ ಪ್ರಶ್ನೆಯನ್ನು ಜೊತೆಯಲ್ಲಿಟ್ಟುಕೊಂಡು ನಾವು ಮಂಗಳೂರಿಗೆ ಬರೋಣ.

1784ರ ಫೆಬ್ರವರಿ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕೊನೆ. ಹಿಂದಿನ ವರ್ಷ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ನ ಸೈನ್ಯ ಕರಾವಳಿಗೆ ಬಂದು ಮಂಗಳೂರನ್ನೂ ಬಿದನೂರನ್ನೂ ಹಿಡಿದಿತ್ತು. ಟಿಪ್ಪು ಬಿದನೂರನ್ನು ಮರಳಿ ಪಡೆದು, ಮಂಗಳೂರಿನ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಅದನ್ನೂ ಬಿಡಿಸಿಕೊಂಡ. ಕೋಟೆ ಕೈಸೇರಿದ ಕೂಡಲೇ ಲೆಕ್ಕ ಕೇಳುವ ಸರದಿ. ಇಂಗ್ಲಿಷರಿಗೆ ಹಣ, ಅಕ್ಕಿ, ದಾರಿ ತೋರಿಸಿದವರು ಕೆನರಾದ ಕ್ರೈಸ್ತರು ಎಂಬುದು ಟಿಪ್ಪುವಿನ ಆರೋಪ. ದ್ರೋಹ ಎಂಬ ಪದ ಈ ಕಥೆಗೆ ಮೊದಲು ಬರುವುದು ಅರಸನ ಕಡೆಯಿಂದ, ಸೆರೆಹೋದವರ ಕಡೆಯಿಂದಲ್ಲ. ಕೆಲವರು ನೆರವಾಗಿದ್ದಿರಬಹುದು. ಶಿಕ್ಷೆ ಬಂದದ್ದು ಮಾತ್ರ ತೊಟ್ಟಿಲಿನ ಮಗುವೂ ಸೇರಿ ಎಲ್ಲರಿಗೆ. ಒಂದೇ ಹೊತ್ತಿಗೆ ಊರೂರಿನಲ್ಲಿ ಹಿಡಿದು, ಆಸ್ತಿ ಜಪ್ತಿಮಾಡಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. 27 ಇಗರ್ಜಿಗಳು ನೆಲಸಮವಾದವೆಂದು ಚರ್ಚಿನ ಇತಿಹಾಸಗಳು ಹೇಳುತ್ತವೆ. ಹೋದವರ ಸಂಖ್ಯೆ ಎಷ್ಟು? ಟಿಪ್ಪುವಿನ ಆಸ್ಥಾನದ ಬರಹ 60,000 ಎನ್ನುತ್ತದೆ. ಅಲ್ಲೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಮುಂದೆ ಬರೆದ ಪುಸ್ತಕದಲ್ಲಿ 30,000 ಎನ್ನುತ್ತಾನೆ. ಗೆದ್ದವನು ಹೆಚ್ಚು ಹೇಳುವುದು, ನೋಡಿದವನು ಕಡಿಮೆ ಹೇಳುವುದು ಚರಿತ್ರೆಯಲ್ಲಿ ಹೊಸದೇನಲ್ಲ. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿತ್ತು, ಯುದ್ಧ ಮುಗಿಯಿತು. ಇವರ ಸೆರೆ ಮುಗಿಯಲು ಮತ್ತೆ 15 ವರ್ಷ ಬೇಕಾಯಿತು.

ಇಲ್ಲಿ ಒಂದು ಸಣ್ಣ ವಿಷಯ. ಸೆರೆಹಿಡಿದ ದಿನ ಫೆಬ್ರವರಿ 24, ಬೂದಿ ಬುಧವಾರ ಎಂದು ಪುಸ್ತಕ ಪುಸ್ತಕಗಳಲ್ಲಿದೆ, ಅಜ್ಜಿಯರ ಬಾಯಲ್ಲೂ ಇದೆ. ಆದರೆ 1784ರಲ್ಲಿ ಪಾಸ್ಖ ಹಬ್ಬ ಬಿದ್ದದ್ದು ಏಪ್ರಿಲ್ 11ಕ್ಕೆ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ ಬರುವುದು 25ಕ್ಕೆ. 24 ಮಂಗಳವಾರ. ಇದರಿಂದ ಸೆರೆಯೇ ಸುಳ್ಳು ಎಂದು ಯಾರೂ ಕುಣಿಯಬೇಕಾಗಿಲ್ಲ. ತಾರೀಕು ಒಂದು ದಿನ ಆಚೀಚೆ ಆಗಿರಬಹುದು, ಅಷ್ಟೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಹಣೆಗೆ ಬೂದಿ ಹಚ್ಚಿ ‘ಮಣ್ಣಿಗೆ ಮರಳುವವನು ನೀನು’ ಎಂದು ನೆನಪಿಸುವ ದಿನವನ್ನೇ ಸಮುದಾಯದ ನೆನಪು ಗಟ್ಟಿಯಾಗಿ ಹಿಡಿದುಕೊಂಡಿತು. ಅಲ್ಲಿಂದ ತಪಸ್ಸುಕಾಲದ 40 ದಿನ, ಘಟ್ಟದ ಆರು ವಾರದ ನಡಿಗೆ, ಕೊನೆಯಲ್ಲಿ ಪಾಸ್ಖ. ಬರಹಗಾರರು ಬರುವುದಕ್ಕೆ ಬಹಳ ಮೊದಲೇ ಜನ ಈ ಘಟನೆಗೆ ಕಾದಂಬರಿಯ ಆಕಾರ ಕೊಟ್ಟಿದ್ದರು.

ಬರಹಗಾರರೂ ಬಂದರು. ಕೊಂಕಣಿಯಲ್ಲಿ ‘ಖಡಾಪ್’ ಎಂಬ ಕಾವ್ಯನಾಮದಿಂದ ಬರೆದ ವಿ.ಜೆ.ಪಿ. ಸಲ್ಡಾನ್ಹಾ ಈ ಸೆರೆಯನ್ನೇ ವಸ್ತುವಾಗಿಟ್ಟುಕೊಂಡು ಸಾಲು ಸಾಲು ಚಾರಿತ್ರಿಕ ಕಾದಂಬರಿಗಳನ್ನು ಕೊಟ್ಟರು: ‘ಬೆಳ್ತಂಗಡಿಚೊ ಬಾಲ್ತಜಾರ್’, ‘ದೆವಾಚೆ ಕುರ್ಪೆನ್’, ‘ಸರ್ದಾರಾಂಚಿ ಸಿನೊಲ್’, ‘ಇನ್ಫೆರ್ನಾಚಿಂ ದಾರಾಂ’. ಇವು ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಅಂದರೆ ಈ ಸಭೆಯಲ್ಲಿ ಕೊಂಕಣಿ ಬಾರದವರೂ ಅಕ್ಷರ ಕೂಡಿಸಿ ಓದಿಕೊಂಡು ಅರ್ಧಕ್ಕರ್ಧ ತಿಳಿಯಬಹುದು. ಆದರೂ ನಮ್ಮ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಇವಕ್ಕೆ ಒಂದು ಸಾಲಿನ ಜಾಗ ಸಿಗುವುದೂ ಕಷ್ಟ. ಒಂದೇ ಅಂಗಡಿಯ ಎರಡು ಕಪಾಟಿನಲ್ಲಿರುವ ಪುಸ್ತಕಗಳ ನಡುವೆ ಇಷ್ಟು ದೂರ ಯಾಕೆ ಎಂದು ನಾವು ನಾಚಿಕೆಪಟ್ಟುಕೊಳ್ಳಬೇಕು. ಕನ್ನಡದಲ್ಲೇ ಬರೆದ ನಾ. ಡಿಸೋಜರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯಲ್ಲಿ ಒಂದು ಇಗರ್ಜಿಯ ಸುತ್ತ ನೆಲೆಯಾದ ಕ್ರೈಸ್ತ ಕುಟುಂಬಗಳ ಬದುಕನ್ನು ತೋರಿಸಿದರು. ಅದರಲ್ಲಿ ಕತ್ತಿ ಕುದುರೆಗಳಿಲ್ಲ. ಆದರೆ ನೆಲ ಬಿಟ್ಟು ಬಂದವರು ಇನ್ನೊಂದು ನೆಲದಲ್ಲಿ ಬೇರು ಬಿಡುವುದು ಹೇಗೆ ಎಂಬುದು ಅಲ್ಲಿದೆ. ನನಗೆ ಬೇಕಾದ ದಾರಿ ಅದು.

ಯಾಕೆಂದರೆ ಸೆರೆಯ ಸಾಹಿತ್ಯ 1784ರ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಿಡಿದದ್ದು, ನಡೆಸಿದ್ದು, ಬಲವಂತದ ಸುನ್ನತಿ, ಯುವಕರನ್ನು ಸೈನ್ಯದ ತುಕಡಿಗಳಿಗೆ ಸೇರಿಸಿದ್ದು, ಹೆಣ್ಣುಮಕ್ಕಳನ್ನು ಹಂಚಿದ್ದು, ಧೀರರ ಸಾವು. ಇವೆಲ್ಲ ನಡೆದವೇ. ಆದರೆ ಚೇತರಿಕೆಯ ಕಥೆ ಶುರುವಾಗುವುದು 1799ರ ಮೇ 4ರ ಸಂಜೆ. ಕೋಟೆ ಒಡೆದು ಟಿಪ್ಪು ಸತ್ತ. ಜನರ ನಾಲಗೆಯಲ್ಲಿ ಅವನನ್ನೂ ಕೊಂದದ್ದು ದ್ರೋಹವೇ. ಟಿಪ್ಪುವಿನ ದಿವಾನ ಮೀರ್ ಸಾದಕನ ಹೆಸರು ಹಳೆ ಮೈಸೂರಿನ ಕಡೆ ಇವತ್ತಿಗೂ ಬೈಗುಳ. ಬಾಗಿಲು ತೆರೆಯಿತು. ಹದಿನೈದು ವರ್ಷದ ಹಿಂದೆ ಐದು ವರ್ಷದ ಮಗುವಾಗಿ ಬಂದವಳಿಗೆ ಈಗ ಇಪ್ಪತ್ತು. ಅವಳ ಹೆಸರು ಬೇರೆ, ಉಡುಪು ಬೇರೆ, ಬಹುಶಃ ಕಂಕುಳಲ್ಲಿ ಮಗು. ಊರು ಎಂದರೆ ಅವಳಿಗೆ ಅಮ್ಮ ಹೇಳಿದ ಒಂದೆರಡು ಮಾತು. ಅವಳು ಹೋಗಬೇಕೆ, ಇರಬೇಕೆ? ಹೋದರೆ ಗಂಡನನ್ನು ಏನೆಂದು ಕರೆಯುವುದು? ಇದ್ದರೆ ಅಮ್ಮನಿಗೆ ಏನೆಂದು ಹೇಳುವುದು? ನಾನು ಊಹಿಸಿದ ಹುಡುಗಿ ಇವಳು, ದಾಖಲೆಯ ವ್ಯಕ್ತಿಯಲ್ಲ. ಆದರೆ ಇಂಥವರು ಇರದೆ ಆ ಚರಿತ್ರೆ ಇರಲು ಸಾಧ್ಯವೇ ಇಲ್ಲ.

ದಾಖಲೆಯ ವ್ಯಕ್ತಿ ಬೇಕೆಂದರೆ ಸ್ಕರಿಯನ್ನೇ ನೋಡಿ. ಅವನಿಗೂ ಅಲ್ಲಿ ಬಲವಂತದಿಂದಲೇ ಮದುವೆ ಮಾಡಿಸಿದರು. ಹುಡುಗಿಯೂ ಸೆರೆಯಾಳೇ. ಇಬ್ಬರು ಸೆರೆಯಾಳುಗಳನ್ನು ಯಾರೋ ಗಂಟುಹಾಕಿದಾಗ ಅಲ್ಲಿ ಪ್ರೀತಿ ಹುಟ್ಟಲಾರದು ಎಂದು ನಾವು ಅಂದುಕೊಳ್ಳುತ್ತೇವೆ. ಹುಟ್ಟಿತ್ತು. ಅವನು ತಪ್ಪಿಸಿಕೊಂಡು ಹೋದ, ಸಂಸಾರ ಹಿಂದೆ ಉಳಿಯಿತು. 1824ರಲ್ಲಿ ಅವನ ಪುಸ್ತಕ ಅಚ್ಚಾಯಿತು. ಅವಳು ಏನು ಬರೆದಾಳು? ಬಿಟ್ಟುಹೋದವನ ದೃಷ್ಟಿಯಲ್ಲಿ ಅದು ಬಿಡುಗಡೆ. ಬಾಗಿಲಲ್ಲಿ ನಿಂತವಳ ದೃಷ್ಟಿಯಲ್ಲಿ ಅದನ್ನು ದ್ರೋಹ ಎನ್ನದೆ ಬೇರೆ ಏನೆನ್ನುವುದು? ಒಬ್ಬ ಸಮರ್ಥ ಕಾದಂಬರಿಕಾರ್ತಿಗೆ ಇದಕ್ಕಿಂತ ಹೆಚ್ಚಿನ ವಸ್ತು ಬೇಕಿಲ್ಲ.

ಶ್ರೀರಂಗಪಟ್ಟಣಕ್ಕೆ 1799ರಲ್ಲೇ ಇನ್ನೊಬ್ಬ ಬಂದ. ಫ್ರಾನ್ಸಿನಿಂದ 1792ರಲ್ಲಿ ಈ ಕಡೆಗೆ ಬಂದಿದ್ದ ಪಾದ್ರಿ ಅಬ್ಬೆ ದುಬುವಾ, ನಮ್ಮವರ ಬಾಯಲ್ಲಿ ದೊಡ್ಡ ಸ್ವಾಮಿ. ಕಾವಿ ಉಟ್ಟು, ದೇಶೀ ಆಹಾರ ತಿಂದು ಬದುಕಿದವನು. ಹಿಂದೂ ಆಚಾರಗಳ ಬಗ್ಗೆ ಅವನು ಬರೆದ ಪುಸ್ತಕದಿಂದ ಅವನು ಪ್ರಸಿದ್ಧ. ಆ ಪುಸ್ತಕದ ಮಾತು ಇವತ್ತು ಬೇಡ. ನನಗೆ ಬೇಕಾದದ್ದು ಅವನು ಬಂದ ಕೂಡಲೇ ಮಾಡಿದ ಕೆಲಸ. ಬಲವಂತಕ್ಕೆ ಮತ ಬಿಟ್ಟವರನ್ನು, ಈಗ ಮರಳಬೇಕೆಂದು ಬಯಸಿದವರನ್ನು, ಮತ್ತೆ ಸಭೆಗೆ ಸೇರಿಸಿಕೊಳ್ಳುವುದು. ಕೇಳಲು ಸುಲಭ. ಮಾಡುವವನಿಗೆ ಗೊತ್ತು ಕಷ್ಟ. ಹಿಂಸೆ ತಾಳಿಕೊಂಡು ಉಳಿದವರು ಒಂದು ಕಡೆ, ತಾಳಲಾರದೆ ಸೋತವರು ಇನ್ನೊಂದು ಕಡೆ, ಪೂಜೆಯ ಹೊತ್ತಿಗೆ ಇಬ್ಬರೂ ಒಂದೇ ಬೆಂಚಿನಲ್ಲಿ. ಕ್ರೈಸ್ತಸಭೆಗೆ ಈ ಜಗಳ ಹೊಸದಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಕೊಡಬೇಕೆಂದು ಅಪ್ಪಣೆ ಮಾಡಿದಾಗ ಹೆದರಿ ಕೊಟ್ಟವರನ್ನು ಮರಳಿ ಸೇರಿಸಬಹುದೆ ಎಂದು ಕಾರ್ತೇಜಿನ ಬಿಷಪ್ ಸಿಪ್ರಿಯನ್‌ನ ಕಾಲದಲ್ಲಿ ದೊಡ್ಡ ವಾದವೇ ನಡೆಯಿತು. ಕೂಡದು ಎಂದ ನೊವೇಷಿಯನ್ ಬೇರೆ ಪಂಗಡವನ್ನೇ ಕಟ್ಟಿದ. ಕೊನೆಗೆ ಗೆದ್ದದ್ದು ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳುವ ಪಕ್ಷ. ಎಂಡೊನ ಕಿಚಿಜಿರೊ, ಕಾರ್ತೇಜಿನ ಅಂಜುಬುರುಕರು, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ದೊಡ್ಡ ಸ್ವಾಮಿಯ ಮುಂದೆ ತಲೆತಗ್ಗಿಸಿದವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಇದೇ ಪಾದ್ರಿ ಇನ್ನೊಂದು ಗಾಯಕ್ಕೂ ಮದ್ದು ತಂದ. ಸಿಡುಬಿಗೆ ದಾಕು ಹಾಕುವ ಹೊಸ ವಿದ್ಯೆ ಭಾರತಕ್ಕೆ ಬಂದದ್ದೇ 1802ರಲ್ಲಿ. 1803-04ರ ಎಂಟು ತಿಂಗಳಲ್ಲಿ ಅವನು ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ದಾಕು ಹಾಕಿಸಿದ.  ತೋಳಿನ ಮೇಲೆ ಉಳಿಯುವ ಆ ಗುಂಡುಕಲೆ ನಮ್ಮಲ್ಲಿ ಐವತ್ತು ದಾಟಿದ ಬಹುತೇಕ ಎಲ್ಲರ ತೋಳಿನಲ್ಲೂ ಇದೆ. ಕಲೆ ಎಂದರೆ ರೋಗದ ಗುರುತೇ ಆಗಬೇಕಾಗಿಲ್ಲ, ರೋಗ ತಟ್ಟದೆ ಹೋದ ಗುರುತೂ ಆಗುತ್ತದೆ.

ಘಟ್ಟ ಇಳಿದು ಕೆನರಾಕ್ಕೆ ಮರಳಿದವರಿಗೆ ಕಾದಿದ್ದು ಬೇರೆ. ಗದ್ದೆಯಲ್ಲಿ ಬೇರೆಯವರು ಉಳುತ್ತಿದ್ದರು. ಅವರೂ ದುಷ್ಟರೇನಲ್ಲ. ಸರ್ಕಾರ ಕೊಟ್ಟ ಭೂಮಿಯನ್ನು ಹದಿನೈದು ವರ್ಷ ಬೆವರು ಸುರಿಸಿ ಉಳಿಸಿಕೊಂಡವರು. ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ 1799ರಲ್ಲೇ ಬಂದಿದ್ದ. ಕಂಪನಿಯ ಕಚೇರಿಗಳಿಗೆ ಮರಳಿ ಬಂದವರ ಅಲೆದಾಟ ಶುರುವಾಯಿತು. ಇಗರ್ಜಿ ಏಳಲು ಇನ್ನೂ ತಡ. ಮಂಗಳೂರಿನ ರೊಸಾರಿಯೊ ಮತ್ತೆ ತಲೆಯೆತ್ತಿದ್ದು 1813ರಲ್ಲಿ. ಮರಳಿದವರ ಮೇಲೆ ಉಪಕಾರದ ಋಣವೂ ಇತ್ತು. ಮೂಡುಬಿದಿರೆಯ ಹತ್ತಿರದ ಹೊಸ್ಪೇಟೆಯ ಇಗರ್ಜಿ ಉಳಿದದ್ದು ಜೈನ ಅರಸ ಚೌಟರ ಮಾತಿನಿಂದ ಎಂದು ಆ ಊರಿನ ನೆನಪು. ಪರಂಗಿಪೇಟೆಯ ಮೊಂತೆ ಮರಿಯಾನೊ ಮಠವೂ ಕೆಡದೆ ಉಳಿಯಿತು. ಹಿಡಿದುಕೊಟ್ಟ ನೆರೆಯವನೂ ಕಾಯ್ದುಕೊಟ್ಟ ನೆರೆಯವನೂ ಒಂದೇ ಊರಿನಲ್ಲಿದ್ದರು. ಮರಳಿ ಬಂದವನು ಇಬ್ಬರ ಮುಖವನ್ನೂ ಸಂತೆಯಲ್ಲಿ ನೋಡಬೇಕು.

ಈ ಜಾಗಕ್ಕೆ ಸುವಾರ್ತೆಯ ಎರಡು ಪ್ರಸಂಗಗಳನ್ನು ತರುತ್ತೇನೆ. ಪುನರುತ್ಥಾನವಾದ ಮೇಲೂ ಯೇಸುವಿನ ಕೈಯ ಗಾಯ ಮಾಸಲಿಲ್ಲ. ಸಂದೇಹಪಟ್ಟ ತೋಮನಿಗೆ ಅವನು ತೋರಿಸಿದ್ದು ಅದನ್ನೇ. ಎರಡನೆಯದು ಪೇತ್ರನದು. ಮಹಾಯಾಜಕನ ಅಂಗಳದಲ್ಲಿ ಕೆಂಡ ಕಾಯಿಸಿಕೊಳ್ಳುತ್ತ ಮೂರು ಸಲ ‘ನನಗೆ ಅವನು ಗೊತ್ತಿಲ್ಲ’ ಎಂದವನು ಪೇತ್ರ. ಯೊವಾನ್ನನ ಸುವಾರ್ತೆಯ ಕೊನೆಯಲ್ಲಿ ಕೆರೆಯ ದಡದಲ್ಲಿ ಮತ್ತೆ ಕೆಂಡ, ಮೀನು, ರೊಟ್ಟಿ. ಅಲ್ಲಿ ಯೇಸು ‘ಯಾಕೆ ಹಾಗೆ ಮಾಡಿದೆ’ ಎಂದು ಕೇಳುವುದಿಲ್ಲ. ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಪ್ರತಿಸಲವೂ ಕುರಿ ಮೇಯಿಸುವ ಕೆಲಸ ಕೊಡುತ್ತಾನೆ. ಎಷ್ಟು ಸಲ ಅಲ್ಲಗಳೆದನೋ ಅಷ್ಟು ಸಲ ನಂಬಿಕೆ ಮರಳಿತು. ಕ್ರೈಸ್ತ ಪ್ರೇಮಕಾದಂಬರಿ ಈ ದಡದಿಂದ ಪಾಠ ಕಲಿತರೆ ಗಾಯವನ್ನು ಅಳಿಸುವ ಅವಸರ ಬಿಡುತ್ತದೆ.

ಈಗ ಈ ಊರಿಗೆ ಬರುತ್ತೇನೆ. ಸೆರೆಹೋದವರು ಶ್ರೀರಂಗಪಟ್ಟಣದಲ್ಲಿದ್ದಾಗಲೇ, 1786ರಲ್ಲಿ, ಟಿಪ್ಪುವಿನ ರಾಯಭಾರಿಗಳು ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹತ್ತಿದರು. ಮಸ್ಕತ್ತಿನಲ್ಲಿ ಇಳಿದು, ಈ ಕೊಲ್ಲಿಯ ನೀರಿನಲ್ಲೇ ಸಾಗಿ ಬಸ್ರಾಕ್ಕೆ ಹೋದರು. ಅಲ್ಲಿಂದ ಮುಂದೆ ಇಸ್ತಾಂಬುಲ್. ಅವನ ಹಡಗುಗಳಲ್ಲಿದ್ದ ಗಂಧ, ಮೆಣಸು, ಏಲಕ್ಕಿ ನಮ್ಮ ಘಟ್ಟದವು. ಅದೇ ಘಟ್ಟ. ಟಿಪ್ಪುವನ್ನು ಬರೀ ರಾಕ್ಷಸನಾಗಿ ಬರೆದರೆ ಈ ಹಡಗುಗಳು ಕಾಣುವುದಿಲ್ಲ. 1791ರಲ್ಲಿ ಮರಾಠ ಸೈನ್ಯ ಶೃಂಗೇರಿ ಮಠವನ್ನು ದೋಚಿದಾಗ ಅವನು ಸ್ವಾಮಿಗಳಿಗೆ ಬರೆದ ಪತ್ರ, ಕೊಟ್ಟ ನೆರವು ಕಾಣುವುದಿಲ್ಲ. ಬರೀ ದೇಶಭಕ್ತನಾಗಿ ಬರೆದರೆ ಘಟ್ಟದ ದಾರಿಯಲ್ಲಿ ಬಿದ್ದ ಹೆಣಗಳು ಕಾಣುವುದಿಲ್ಲ. ನಮ್ಮ ರಾಜ್ಯದಲ್ಲಿ 2015ರಲ್ಲಿ ಟಿಪ್ಪುವಿನ ಸರ್ಕಾರಿ ಜಯಂತಿ ಶುರುವಾಯಿತು, 2019ರಲ್ಲಿ ರದ್ದಾಯಿತು. ಎರಡು ಕಡೆಯವರೂ ಇನ್ನೂರು ವರ್ಷದ ಗಾಯವನ್ನು ಹಳೆಯ ಸಾಲಪತ್ರದಂತೆ ತೆಗೆದು, ಇವತ್ತಿನ ನೆರೆಯವನ ಬಾಗಿಲಿಗೆ ವಸೂಲಿಗೆ ಹೋದರು. ಈ ಸಭೆಯಲ್ಲಿ ಕೊಂಕಣಿಯ ಕ್ಯಾಥೊಲಿಕರೂ ಬ್ಯಾರಿ ಮುಸ್ಲಿಮರೂ ಅಕ್ಕಪಕ್ಕ ಕೂತಿದ್ದೀರಿ. ಇಲ್ಲಿ ನಿಂತು ಈ ಮಾತು ಆಡುವುದು ನನಗೆ ಊರಿಗಿಂತ ಸುಲಭವಾಗಿದೆ.

ಕುವೈತಿಗೂ ತನ್ನದೇ ಗಾಯ, ತನ್ನದೇ ಮದ್ದು ಉಂಟು. ಅಮೆರಿಕನ್ ಮಿಷನ್ನಿನ ವೈದ್ಯರನ್ನು ಇಲ್ಲಿಗೆ ಕರೆಸಿದ್ದು ಇಲ್ಲಿನ ಅರಸ ಶೇಖ್ ಮುಬಾರಕ್. 1912ರಲ್ಲಿ ಬಂದ ಎಲೀನರ್ ಕ್ಯಾಲ್ವರ್ಲಿ ಇಲ್ಲಿನ ಹೆಂಗಸರಿಗೆ ಮೊದಲ ವೈದ್ಯೆ. 1914ರಲ್ಲಿ ಆಸ್ಪತ್ರೆಯ ಕಟ್ಟಡ ಎದ್ದಿತು. 1920ರ ಅಕ್ಟೋಬರಿನಲ್ಲಿ ಜಹ್ರಾದ ಯುದ್ಧವಾದಾಗ ಆ ಆಸ್ಪತ್ರೆಯ ಡಾಕ್ಟರ್ ಮೈಲ್ರಿ ಗಾಯಾಳುಗಳಿಗೆ ಹಗಲುರಾತ್ರಿ ಪಟ್ಟಿ ಕಟ್ಟಿದ. ಮಿಷನ್ನಿನವರು ಮತ ಪ್ರಚಾರದ ಆಸೆ ಹೊತ್ತು ಬಂದವರು. ಊರಿನವರು ಮತ ಬಿಡಲಿಲ್ಲ, ಮದ್ದನ್ನೂ ಬಿಡಲಿಲ್ಲ. 1967ರಲ್ಲಿ ಆಸ್ಪತ್ರೆ ಮುಚ್ಚಿತು. ಗಲ್ಫ್ ರಸ್ತೆಯಲ್ಲಿ ಈಗ ಅಮ್ರಿಕಾನಿ ಸಾಂಸ್ಕೃತಿಕ ಕೇಂದ್ರವಾಗಿರುವುದು ಅದೇ ಆಸ್ಪತ್ರೆ. ಇದರ ಮುಂದೆ ದಿನವೂ ಕಾರಿನಲ್ಲಿ ಹೋಗುವವರು ಒಂದು ಸಲ ಒಳಗೆ ಹೋಗಿ ಬನ್ನಿ.

ಇನ್ನು 1990ರ ಆಗಸ್ಟ್ 2. ಅದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಎಂಟು ವರ್ಷ ಇರಾನಿನ ಜೊತೆ ಯುದ್ಧ ಮಾಡಿದಾಗ ಇರಾಕಿಗೆ ಸಾಲ ಕೊಟ್ಟ ನೆರೆ ಕುವೈತ್. ಆ ನೆರೆಯ ಮೇಲೆಯೇ ಇರಾಕಿನ ಟ್ಯಾಂಕು ಬಂತು. ಸುಮಾರು 1,70,000 ಭಾರತೀಯರು ಬಸ್ಸಿನಲ್ಲಿ ಮರುಭೂಮಿ ದಾಟಿ, ಅಮ್ಮಾನಿನಿಂದ ವಿಮಾನದಲ್ಲಿ ಊರು ಸೇರಿದರು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಸರ್ಟಿಫಿಕೇಟು, ಮದುವೆಯ ಫೋಟೊ ಬಿಟ್ಟು ಹೋದ ಜನ, ಬಿಡುಗಡೆಯಾದ ಮೇಲೆ ಮತ್ತೆ ಇಲ್ಲಿಗೇ ಬಂದರು. ಕೆಲವರು ಅದೇ ಕಟ್ಟಡಕ್ಕೆ, ಅದೇ ಅಂಗಡಿಗೆ. ಹೊತ್ತಿಸಿದ್ದ ಎಣ್ಣೆಬಾವಿಗಳಲ್ಲಿ ಕೊನೆಯದು ಆರಿದ್ದು 1991ರ ನವೆಂಬರಿನಲ್ಲಿ. ಮರಳಿ ಬರುವುದು ಎಂದರೆ ಏನು ಎಂದು 1799ರವರನ್ನು ಕೇಳಲು ಆಗುವುದಿಲ್ಲ, ನಿಮ್ಮನ್ನು ಕೇಳಬಹುದು. ಯಾರು ಮನೆ ಕಾದರು, ಯಾರು ದೋಚಿದರು, ಮರಳಿ ಬಂದಾಗ ಅವರ ಮುಖ ಹೇಗೆ ನೋಡಿದಿರಿ, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಉಳಿದ ತಿಂಗಳುಗಳಲ್ಲಿ ಏನಾಯಿತು. ಇವಕ್ಕೆ ಉತ್ತರ ಗೊತ್ತಿರುವವರಿಗೆ ಈಗ ಅರವತ್ತು, ಎಪ್ಪತ್ತು ದಾಟಿದೆ.

ಆದ್ದರಿಂದ ಬರೆಯುವವರು ಈ ಸಭೆಯಲ್ಲಿದ್ದರೆ ನನ್ನದೊಂದು ಬೇಡಿಕೆ. ಮನೆಯ ಹಿರಿಯರಿಂದ 1990ರ ಕಥೆಯನ್ನು ಈ ವರ್ಷವೇ ಬರೆಸಿಕೊಳ್ಳಿ. ಆಮೇಲೆ ಶ್ರೀರಂಗಪಟ್ಟಣದ ಕಾದಂಬರಿಗೆ ಕೂರಿ. ಕನ್ನಡದಲ್ಲಾದರೂ ಸರಿ, ಕೊಂಕಣಿಯಲ್ಲಾದರೂ ಸರಿ. ಮೊದಲ ಅಧ್ಯಾಯವನ್ನು ಮಾತ್ರ 1784ರಿಂದ ಶುರುಮಾಡಬೇಡಿ, 1799ರಿಂದ ಶುರುಮಾಡಿ.